ರಾಕ್ ಸಂಗೀತ 1985ಕ್ಕೆ ಮುಗಿದಿಲ್ಲ: ನಮ್ಮೂರಿನ ಎಫ್‌ಎಂ ಕೇಂದ್ರಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯಕ್ರಮ ಮುಖ್ಯಸ್ಥರು,
ಎಫ್‌ಎಂ ರೇಡಿಯೋ ಕೇಂದ್ರ, ಮೈಸೂರು

ವಿಷಯ: ಭಾನುವಾರದ ರಾಕ್ ಕಾರ್ಯಕ್ರಮದಲ್ಲಿ ಒಂದೇ ಕಾಲದ ಹಾಡುಗಳು ಬರುತ್ತಿರುವ ಬಗ್ಗೆ

ಮಾನ್ಯರೇ,

ನಾನು ಸರಸ್ವತಿಪುರಂನಲ್ಲಿ ಗಿಟಾರ್ ಕಲಿಸುತ್ತೇನೆ. ನಿಮ್ಮ ಕೇಂದ್ರದಲ್ಲಿ ಭಾನುವಾರ ರಾತ್ರಿ ಬರುವ ಒಂದು ಗಂಟೆಯ ರಾಕ್ ಕಾರ್ಯಕ್ರಮವನ್ನು ಅದು ಶುರುವಾದಾಗಿನಿಂದ ಕೇಳಿಕೊಂಡು ಬಂದಿದ್ದೇನೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರನ್ನೂ ಬೀದಿಗೆ ಎಳೆಯುವ ಆಸೆ ನನಗಿಲ್ಲ. ಆದರೆ ನಿಮಗೆ ನೇರವಾಗಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಅಲ್ಲದೆ ಈ ಊರಿನಲ್ಲಿ ರೇಡಿಯೋ ಕೇಳುವ ಎಲ್ಲರಿಗೂ ಇದು ಸಂಬಂಧಪಟ್ಟ ವಿಷಯ. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮಗೆ ಕೃತಜ್ಞತೆ ಹೇಳಬೇಕು. ಮೈಸೂರಿನಂಥ ಊರಲ್ಲಿ ವಾರಕ್ಕೊಂದು ಗಂಟೆಯನ್ನು ರಾಕ್‌ಗೆ ಬಿಟ್ಟುಕೊಡುವುದು ಸುಲಭದ ಮಾತಲ್ಲ. ಜಾಹೀರಾತು ಕೊಡುವವರು ಚಿತ್ರಗೀತೆಯನ್ನೇ ಬಯಸುತ್ತಾರೆ. ಲೈಸೆನ್ಸ್ ಶುಲ್ಕ, ಹಾಡುಗಳ ರಾಯಲ್ಟಿ, ಕರೆಂಟ್ ಬಿಲ್ಲು, ಸಂಬಳ ಎಲ್ಲಾ ಆ ಜಾಹೀರಾತಿನಿಂದಲೇ ಹುಟ್ಟಬೇಕು. ಇಷ್ಟರ ಮಧ್ಯೆಯೂ ಆ ಗಂಟೆಯನ್ನು ಉಳಿಸಿಕೊಂಡಿದ್ದೀರಿ. ಅದು ಇನ್ನೂ ಚೆನ್ನಾಗಿ ಬೆಳೆಯಲಿ ಅಂತಲೇ ಈ ಪತ್ರ.

ಈಗ ದೂರಿಗೆ ಬರುತ್ತೇನೆ. ಆ ಗಂಟೆಯಲ್ಲಿ ಬರುವುದೆಲ್ಲಾ ಹೆಚ್ಚುಕಡಿಮೆ 1970ರಿಂದ 1985ರ ಒಳಗಿನ ಹಾಡುಗಳು. ಅದರಲ್ಲೂ ಅವೇ ಬ್ಯಾಂಡುಗಳು, ಆ ಬ್ಯಾಂಡುಗಳ ಅವೇ ಒಂದೆರಡು ಹಾಡುಗಳು. ಈ ವಾರ ಮೊದಲು ಬಂದದ್ದು ಮುಂದಿನ ವಾರ ಕೊನೆಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಆ ಹಾಡುಗಳ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ನನ್ನ ಪಾಠವೇ ಅವುಗಳಿಂದ ಶುರುವಾಗುತ್ತದೆ. ಆದರೆ 1991 ಬರಲೇ ಇಲ್ಲ, 2000 ಬರಲೇ ಇಲ್ಲ ಅನ್ನುವ ಹಾಗೆ ಕಾರ್ಯಕ್ರಮ ನಡೆದರೆ, ಹೊಸದಾಗಿ ಕೇಳುವ ಹುಡುಗನಿಗೆ ರಾಕ್ ಅಂದರೆ ಅವನ ತಾತನ ಕಾಲಕ್ಕೆ ಮುಗಿದ ವ್ಯವಹಾರ ಅಂತಲೇ ಅನ್ನಿಸುತ್ತದೆ.

ಯಾಕೆ ಹೀಗೆ ಎಂದು ಕೇಳಲು ನಾನು ಕೇಂದ್ರಕ್ಕೇ ಬಂದಿದ್ದೆ. ನಿಮ್ಮ ಸಹೋದ್ಯೋಗಿಯೊಬ್ಬರು ಮರ್ಯಾದೆಯಿಂದ ಕೂರಿಸಿ, ಕಾಫಿ ತರಿಸಿ, ತಮ್ಮ ಕಂಪ್ಯೂಟರ್ ಪರದೆಯನ್ನೇ ನನ್ನ ಕಡೆ ತಿರುಗಿಸಿದರು. ಸಾಲು ಸಾಲಾಗಿ ಹಾಡುಗಳು. ಪ್ರತಿ ಸಾಲಿನಲ್ಲೂ ಹಾಡಿನ ಉದ್ದ, ವೇಗ, ಇಸವಿ, ಹಿಂದೆ ಯಾವತ್ತು ಹಾಕಿದ್ದು ಅನ್ನುವ ತಾರೀಖು. ಅವರು ರಾಕ್ ವಿಭಾಗವನ್ನು ಒತ್ತಿದರು. ಪರದೆಯನ್ನು ಕೆಳಗೆ ಎಳೆಯುವ ಮೊದಲೇ ಪಟ್ಟಿ ಮುಗಿದುಹೋಯಿತು. ಇಸವಿಯ ಕಾಲಂನಲ್ಲಿ 1985 ದಾಟಿದ ಒಂದು ಸಾಲೂ ಇರಲಿಲ್ಲ. "ಇದನ್ನ ಆರಿಸಿದ್ದು ಯಾರು?" ಎಂದು ಕೇಳಿದೆ. "ಮೇಲಿಂದ, ಮುಂಬೈನಿಂದ ಬರುತ್ತೆ ಸಾರ್. ಕ್ಲಾಸಿಕ್ ರಾಕ್ ಅಂದ್ರೆ ಇಷ್ಟೇ" ಅಂದರು. ಅವರದು ತಪ್ಪಿಲ್ಲ. ಅವರಿಗೆ ಕೊಟ್ಟದ್ದನ್ನು ಅವರು ಹಾಕುತ್ತಾರೆ. ಆದರೆ ಆ "ಇಷ್ಟೇ" ಎಲ್ಲಿಂದ ಬಂತು ಅಂತ ನೀವೂ ನಾವೂ ಒಮ್ಮೆ ನೋಡಲೇಬೇಕು.

ಅಮೆರಿಕದಲ್ಲಿ ರಾಕ್ ರೇಡಿಯೋ ಹುಟ್ಟಿದ್ದು ಪಟ್ಟಿಯಿಂದಲ್ಲ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಎಂಪಿಎಕ್ಸ್ ಕೇಂದ್ರದಲ್ಲಿ ಟಾಮ್ ಡೊನಹ್ಯೂ ಅನ್ನುವವರು ತಮಗೆ ಸರಿ ಕಂಡ ರೆಕಾರ್ಡುಗಳನ್ನು, ಎಷ್ಟೇ ಉದ್ದದ ಹಾಡಿರಲಿ, ಪೂರ್ತಿ ಹಾಕತೊಡಗಿದರು. ಬ್ಲೂಸ್ ಆದಮೇಲೆ ಜಾನಪದ, ಅದಾದಮೇಲೆ ಜೋರು ಗಿಟಾರ್. ಅಷ್ಟು ಹೊತ್ತಿಗೆ ಅಲ್ಲಿನ ಸರ್ಕಾರ ಒಂದು ನಿಯಮ ತಂದಿತ್ತು. ಎಎಂನಲ್ಲಿ, ಅಂದರೆ ಹಳೆಯ ಮೀಡಿಯಂ ವೇವ್ ರೇಡಿಯೋದಲ್ಲಿ, ಬರುವುದನ್ನೇ ದಿನವಿಡೀ ಎಫ್‌ಎಂನಲ್ಲೂ ಹಾಕುವಂತಿಲ್ಲ ಎಂದು. ಹಾಗಾಗಿ ಎಫ್‌ಎಂನವರಿಗೆ ಹೊಸದೇನಾದರೂ ಬೇಕಾಗಿತ್ತು. ಆ ಸ್ವಾತಂತ್ರ್ಯ ಜಾಸ್ತಿ ದಿನ ಉಳಿಯಲಿಲ್ಲ. 1970ರ ದಶಕದಲ್ಲಿ ಲೀ ಏಬ್ರಮ್ಸ್ ಅವರಂಥ ಸಲಹೆಗಾರರು ಬಂದು, ಜನಕ್ಕೆ ಯಾವುದು ಇಷ್ಟ ಎಂದು ಲೆಕ್ಕ ಹಾಕಿ, ಹಲವು ಊರುಗಳ ಕೇಂದ್ರಗಳಿಗೆ ಒಂದೇ ಬಗೆಯ ಪಟ್ಟಿ ಕೊಡತೊಡಗಿದರು. 1979ರಲ್ಲಿ ಹಾಡುಗಳನ್ನು ಸರದಿಯಲ್ಲಿ ಜೋಡಿಸುವ ಸೆಲೆಕ್ಟರ್ ಅನ್ನುವ ಸಾಫ್ಟ್‌ವೇರ್ ಬಂತು. ನಿಮ್ಮ ಸಹೋದ್ಯೋಗಿ ತೋರಿಸಿದ ಪರದೆ ಅದೇ ವಂಶದ್ದು. 1985ರಲ್ಲಿ ಫ್ರೆಡ್ ಜೇಕಬ್ಸ್ ಅನ್ನುವ ಸಲಹೆಗಾರರು ಮಿಶಿಗನ್ ರಾಜ್ಯದ ಒಂದು ಕೇಂದ್ರದಲ್ಲಿ ಕ್ಲಾಸಿಕ್ ರಾಕ್ ಎನ್ನುವ ಮಾದರಿಯನ್ನು ಶುರು ಮಾಡಿದರು. ಆಮೇಲೆ ಅದು ದೇಶದ ತುಂಬಾ ಹಬ್ಬಿತು.

ಆ ಮಾದರಿಯ ಲೆಕ್ಕ ಏನು ಗೊತ್ತಾ? 1985ರಲ್ಲಿ ಮೂವತ್ತು, ಮೂವತ್ತೈದು ವಯಸ್ಸಿನವರು ಹೈಸ್ಕೂಲು, ಕಾಲೇಜಿನಲ್ಲಿದ್ದಾಗ ಕೇಳಿದ ಹಾಡುಗಳು. ಅಂದರೆ ಹತ್ತರಿಂದ ಇಪ್ಪತ್ತು ವರ್ಷ ಹಳೆಯವು. ಹದಿವಯಸ್ಸಿನಿಂದ ಇಪ್ಪತ್ತು ದಾಟುವವರೆಗೆ ಕೇಳಿದ ಹಾಡುಗಳೇ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತವೆ ಎಂದು ಮನಶ್ಶಾಸ್ತ್ರದವರೂ ಹೇಳುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಇರುವ ವಯಸ್ಸಿನವರಿಗೆ ಅವರ ಹರೆಯದ ಹಾಡು ಕೇಳಿಸಿ, ಅದರ ಜೊತೆ ಜಾಹೀರಾತು ಕೇಳಿಸುವುದು. ವ್ಯಾಪಾರದ ದೃಷ್ಟಿಯಿಂದ ಒಳ್ಳೆಯ ಲೆಕ್ಕವೇ. ಅದೇ ಲೆಕ್ಕವನ್ನು ಇವತ್ತು ಹಾಕಿ ನೋಡಿ. 1990ರ ದಶಕ ಬಿಡಿ, 2000ದ ದಶಕದ ಹಾಡುಗಳೂ ಬರಬೇಕು ಅಲ್ವಾ? ಅಮೆರಿಕದ ಕ್ಲಾಸಿಕ್ ರಾಕ್ ಕೇಂದ್ರಗಳೇ ನಿರ್ವಾನಾ, ಪರ್ಲ್ ಜ್ಯಾಮ್, ಗ್ರೀನ್ ಡೇ ಬ್ಯಾಂಡುಗಳನ್ನು ಒಳಗೆ ಸೇರಿಸಿಕೊಂಡು ಎಷ್ಟೋ ಕಾಲವಾಯಿತು. ಲೆಕ್ಕ ಹಾಕಿಕೊಟ್ಟವರು ಮುಂದೆ ಹೋದರು. ನಾವು ಅವರ ಹಳೆಯ ಉತ್ತರವನ್ನು ಹಿಡಿದುಕೊಂಡು ಕೂತಿದ್ದೇವೆ.

ಇನ್ನೊಂದು ತೊಂದರೆ ಆ ಪಟ್ಟಿ ತಯಾರಾಗುವ ವಿಧಾನದಲ್ಲೇ ಇದೆ. ಅಲ್ಲಿ ಸುಮಾರು 100 ಜನರನ್ನು ಒಂದು ಹಾಲ್‌ನಲ್ಲಿ ಕೂರಿಸಿ, ನೂರಾರು ಹಾಡುಗಳ ಏಳೆಂಟು ಸೆಕೆಂಡಿನ ತುಣುಕುಗಳನ್ನು ಒಂದರ ಹಿಂದೊಂದು ಕೇಳಿಸಿ ಅಂಕ ಹಾಕಿಸುತ್ತಾರೆ. ಏಳು ಸೆಕೆಂಡಿನಲ್ಲಿ ಗುರುತು ಹತ್ತುವುದು ಮೊದಲೇ ನೂರು ಸಲ ಕೇಳಿದ ಹಾಡು ಮಾತ್ರ. ನಿಧಾನವಾಗಿ ಶುರುವಾಗಿ ನಾಲ್ಕನೇ ನಿಮಿಷಕ್ಕೆ ಬಿಚ್ಚಿಕೊಳ್ಳುವ ಹಾಡಿಗೆ ಅಲ್ಲಿ ಅಂಕವೇ ಸಿಗುವುದಿಲ್ಲ. ಅಂಕ ಸಿಗದ್ದನ್ನು ಹಾಕುವುದಿಲ್ಲ, ಹಾಕದ್ದನ್ನು ಜನ ಕೇಳುವುದಿಲ್ಲ, ಕೇಳದ್ದಕ್ಕೆ ಮುಂದಿನ ಸಲವೂ ಅಂಕ ಬೀಳುವುದಿಲ್ಲ. ಹೀಗೆ ಪಟ್ಟಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಹೋಗುತ್ತದೆ.

ಇದೆಲ್ಲಾ ಅಲ್ಲಿನ ಕಥೆ. ನನ್ನ ಮುಖ್ಯ ಮಾತು ಇಲ್ಲಿಯದು. ಮಿಶಿಗನ್‌ನ ಕೇಳುಗ ಹದಿನೈದನೇ ವಯಸ್ಸಿನಲ್ಲಿ ಕೇಳಿದ್ದು ಬೇರೆ. ಮೈಸೂರಿನ ಕೇಳುಗ ಕೇಳಿದ್ದು ಬೇರೆ. ನಮ್ಮೂರಿಗೆ ರಾಕ್ ಬೇರೆಯದೇ ದಾರಿಯಲ್ಲಿ ಬಂತು.

ಹಳಬರು ಅದನ್ನು ಮೊದಲು ಕೇಳಿದ್ದು ರೇಡಿಯೋ ಸಿಲೋನ್‌ನಲ್ಲಿ, ಬಿಬಿಸಿಯ ಶಾರ್ಟ್‌ವೇವ್‌ನಲ್ಲಿ, ಬರ್ರ್ ಅನ್ನುವ ಸದ್ದಿನ ನಡುವೆ. ಆಮೇಲೆ ಕ್ಯಾಸೆಟ್ ಬಂತು. ಬೆಂಗಳೂರಿನಿಂದ ಯಾರೋ ತಂದ ಒಂದು ಕ್ಯಾಸೆಟ್ ಇಡೀ ಹಾಸ್ಟೆಲ್ ಸುತ್ತುತ್ತಿತ್ತು. ಅದನ್ನು ಕಾಪಿ ಮಾಡಿ, ಕಾಪಿಯ ಕಾಪಿ ಮಾಡಿ, ಕೊನೆಗೆ ಗಿಟಾರ್ ಯಾವುದು ಕೀಬೋರ್ಡ್ ಯಾವುದು ಅಂತ ಗೊತ್ತಾಗದ ಮಟ್ಟಕ್ಕೆ ಸವೆದುಹೋಗುತ್ತಿತ್ತು. 1990ರ ದಶಕದಲ್ಲಿ ಕೇಬಲ್ ಬಂತು, ಅದರ ಜೊತೆ ಎಂಟಿವಿ ಬಂತು. ಆ ಹೊತ್ತಿಗೆ ಪರದೆಯ ಮೇಲೆ ಇದ್ದದ್ದು 1970ರ ಬ್ಯಾಂಡುಗಳಲ್ಲ, ಅಮೆರಿಕದ ಸಿಯಾಟಲ್ ಊರಿನ ಪರ್ಲ್ ಜ್ಯಾಮ್‌ನಂಥ ಬ್ಯಾಂಡುಗಳ ಹುಡುಗರು. 2000ದ ಆಚೆಗೆ ವರ್ಲ್ಡ್‌ಸ್ಪೇಸ್ ಅನ್ನುವ ಉಪಗ್ರಹ ರೇಡಿಯೋ ಕೆಲವರ ಮನೆಗೆ ಬಂತು. ಅದು 2009ರ ಕೊನೆಗೆ ನಮ್ಮ ದೇಶದಲ್ಲಿ ನಿಂತಾಗ, ದಿನವಿಡೀ ರಾಕ್ ಕೇಳುವ ಒಂದು ದಾರಿಯೇ ಮುಚ್ಚಿಹೋಯಿತು.

ಇವುಗಳ ಜೊತೆ ಬೆಂಗಳೂರಿನಲ್ಲಿ ವಿದೇಶಿ ರಾಕ್ ಕಲಾವಿದರ ಸಂಗೀತ ಕಛೇರಿಗಳೂ ನಡೆದವು. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಪ್ರತಿ ಸಲವೂ ಮೈಸೂರಿನಿಂದ ಹುಡುಗರು ಹೋಗಿದ್ದರು. ಐರನ್ ಮೇಡನ್ ಮುಗಿದ ರಾತ್ರಿ ನಾನು ಸ್ಯಾಟಲೈಟ್ ಬಸ್ ನಿಲ್ದಾಣದಿಂದ ವಾಪಸ್ ಬಂದ ಬಸ್ಸಿನಲ್ಲಿ ಅರ್ಧಕ್ಕರ್ಧ ಕಪ್ಪು ಟೀ ಶರ್ಟ್‌ಗಳೇ. ಒಬ್ಬರಿಗೂ ಗಂಟಲಿನಲ್ಲಿ ದನಿ ಉಳಿದಿರಲಿಲ್ಲ. ಟಿಕೆಟ್ ಕೇಳಿದರೆ ಬೆರಳಲ್ಲಿ ಎಷ್ಟು ಜನ ಅಂತ ತೋರಿಸುತ್ತಿದ್ದರು. ಮಂಡ್ಯದಲ್ಲಿ ನಾಲ್ಕು ಜನ ಇಳಿದರು. ಅವರು ಈಗ ಮೂವತ್ತೈದು, ನಲವತ್ತು ದಾಟಿದವರು. ಮನೆ ಕಟ್ಟಿಸುತ್ತಿದ್ದಾರೆ, ಕಾರು ಕೊಳ್ಳುತ್ತಿದ್ದಾರೆ, ಮಕ್ಕಳನ್ನು ನನ್ನ ಹತ್ತಿರ ಪಾಠಕ್ಕೆ ಕಳಿಸುತ್ತಿದ್ದಾರೆ. ನಿಮ್ಮ ಜಾಹೀರಾತುದಾರರು ಹುಡುಕುತ್ತಿರುವುದು ಇವರನ್ನೇ ತಾನೇ? ಇವರ ಹರೆಯದ ಒಂದು ಹಾಡೂ ನಿಮ್ಮ ಪಟ್ಟಿಯಲ್ಲಿ ಇಲ್ಲ.

ಪಾಠದ ಕೋಣೆಯ ವಿಷಯವನ್ನೂ ಹೇಳುತ್ತೇನೆ, ಯಾಕೆಂದರೆ ಕಾಲಗಳನ್ನು ಬೇರೆ ಬೇರೆ ಕಪಾಟಿನಲ್ಲಿ ಇಡುವುದರ ನಷ್ಟ ನನಗೆ ದಿನಾ ಕಾಣುತ್ತದೆ. ಬ್ಲ್ಯಾಕ್ ಸಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಕಳೆದುಕೊಂಡರು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ನುಡಿಸಿದರು. ಒತ್ತಲು ಸುಲಭವಾಗಲಿ ಎಂದು ತಂತಿಗಳನ್ನು ಸಡಿಲ ಮಾಡಿ ಶ್ರುತಿ ಇಳಿಸಿದರು. ಆ ತಗ್ಗು ಶ್ರುತಿಯ ಭಾರವಾದ ನಾದವೇ ಇಪ್ಪತ್ತು ವರ್ಷದ ಮೇಲೆ ಸಿಯಾಟಲ್‌ನ ಸೌಂಡ್‌ಗಾರ್ಡನ್‌ನಂಥ ಬ್ಯಾಂಡುಗಳಲ್ಲಿ ಮತ್ತೆ ಕೇಳಿಸಿತು. ಸೌಂಡ್‌ಗಾರ್ಡನ್‌ನ ಗಿಟಾರಿಸ್ಟ್ ಕಿಮ್ ತಾಯಿಲ್ ಅವರ ತಂದೆತಾಯಿ ಕೇರಳದವರು. ನಮ್ಮ ಪಕ್ಕದ ರಾಜ್ಯದಿಂದ ಹೋದವರ ಮಗ!

ಹೋದ ತಿಂಗಳು ಒಬ್ಬಳು ಹತ್ತನೇ ಕ್ಲಾಸಿನ ಹುಡುಗಿಗೆ ಆರನೇ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸುವುದನ್ನು ತೋರಿಸುತ್ತಿದ್ದೆ. ಕೀಲಿ ತಿರುಗಿಸುತ್ತಾ ಹೋದಂತೆ ತಂತಿ ಜೋತುಬಿದ್ದು, ದನಿ ಮರದ ಮೈಯೊಳಗಿಂದ ಬಂದ ಹಾಗೆ ಆಯಿತು. ಒಂದೇ ಬೆರಳನ್ನು ಅಡ್ಡ ಇಟ್ಟರೆ ಮೂರು ತಂತಿ ಸೇರಿ ಪೂರ್ತಿ ಪವರ್ ಕಾರ್ಡ್, ಅಂದರೆ ಷಡ್ಜ ಪಂಚಮ ಸೇರಿದ ರಾಕ್‌ನ ಗಟ್ಟಿ ಸ್ವರಗುಚ್ಛ, ಹೊರಡುತ್ತದೆ. ಅವಳು ಬೆರಳನ್ನು ಮೇಲೆ ಕೆಳಗೆ ಜಾರಿಸಿ ನೋಡಿ, "ಸಾರ್, ಇದು ಯಾವ ಹಾಡಲ್ಲಿದೆ? ರೇಡಿಯೋದಲ್ಲಿ ಬರುತ್ತಾ?" ಅಂದಳು. ಬರುವುದಿಲ್ಲ. 1970ರದ್ದೂ 1990ರದ್ದೂ ಒಂದರ ಪಕ್ಕ ಒಂದು ಹಾಕಿದರೆ, ಯಾವುದು ಯಾವುದರಿಂದ ಹುಟ್ಟಿತು ಎಂದು ಕೇಳುಗರಿಗೆ ತಾನಾಗೇ ತಿಳಿಯುತ್ತದೆ. ನಾನು ಒಂದು ತಿಂಗಳಲ್ಲಿ ಹೇಳಿಕೊಡುವುದನ್ನು ನೀವು ಹತ್ತು ನಿಮಿಷದಲ್ಲಿ ಕೇಳಿಸಬಹುದು.

ಕನ್ನಡದ ರಾಕ್ ವಿಷಯದಲ್ಲಂತೂ ನನಗೆ ನಿಜವಾಗಿ ನೋವಿದೆ. ರಘು ದೀಕ್ಷಿತ್ ಬೆಳೆದದ್ದು, ಓದಿದ್ದು ಇದೇ ಮೈಸೂರಿನಲ್ಲಿ. ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಶಿಶುನಾಳ ಷರೀಫರ ಪದಕ್ಕೆ ಅವರು ಗಿಟಾರ್, ಡ್ರಮ್ಸ್ ಕಟ್ಟಿದರು. 2010ರಲ್ಲಿ ಬಿಬಿಸಿಯ ಟೀವಿ ವೇದಿಕೆಯಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಹಾಡಿದರು. ಅವರ ಹಾಡು ನಿಮ್ಮ ರಾಕ್ ಗಂಟೆಯಲ್ಲಿ ಯಾಕಿಲ್ಲ ಎಂದು ಕೇಳಿದಾಗ ಬಂದ ಉತ್ತರ, "ಅದು ಕನ್ನಡ ಸಾರ್, ಕನ್ನಡದ ಸಮಯಕ್ಕೆ ಹೋಗಬೇಕು." ಕನ್ನಡದ ಸಮಯದಲ್ಲಿ ಯಾಕಿಲ್ಲ ಎಂದರೆ, "ಅಲ್ಲಿ ಬರೀ ಫಿಲ್ಮ್ ಹಾಡು." ಹೀಗೆ ಎರಡೂ ಬಾಗಿಲಲ್ಲಿ ಅದಕ್ಕೆ ಜಾಗವಿಲ್ಲ. ಯುವ ದಸರಾದಲ್ಲಿ ಇಂಥ ಹಾಡಿಗೆ ಸಾವಿರಾರು ಜನ ನಿಂತು ಕುಣಿಯುತ್ತಾರೆ. ಅದೇ ಊರಿನ ರೇಡಿಯೋದಲ್ಲಿ ಅದು ಯಾವ ವಿಭಾಗಕ್ಕೂ ಸೇರುವುದಿಲ್ಲ ಅಂದರೆ, ಸರಿ ಮಾಡಬೇಕಾದದ್ದು ವಿಭಾಗವನ್ನು.

ಹಾಗಂತ ಕಾಲದ ಪ್ರಜ್ಞೆ ನಿಮಗಿಲ್ಲ ಎಂದು ನಾನು ಹೇಳುವುದಿಲ್ಲ. ಚಿತ್ರಗೀತೆಯಲ್ಲಿ ಅದನ್ನು ನೀವು ಚೆನ್ನಾಗಿ ತೋರಿಸುತ್ತೀರಿ. ರಾತ್ರಿ ಊಟದ ಹೊತ್ತಿಗೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ಮಧ್ಯಾಹ್ನ ಹಂಸಲೇಖ ಅವರ ಕಾಲದ್ದು. ಬೆಳಗ್ಗೆ ಆಫೀಸಿಗೆ ಹೋಗುವವರಿಗೆ ಇವತ್ತಿನದು. ಯಾರು ಯಾವಾಗ ಕೇಳುತ್ತಾರೆ ಎಂದು ನೋಡಿ ಜೋಡಿಸಿದ್ದೀರಿ. ಅದಕ್ಕೆ ಮುಂಬೈನಿಂದ ಪಟ್ಟಿ ಬೇಕಾಗಲಿಲ್ಲ. ಅದೇ ಕಿವಿಯನ್ನು ಈ ಒಂದು ಗಂಟೆಗೂ ಕೊಡಿ ಅಂತ ಕೇಳುತ್ತಿದ್ದೇನೆ.

ಕೇಳುಗರ ಮಾತು ಕೇಳದೆ ಪಟ್ಟಿ ಮಾಡಿದರೆ ಏನಾಗುತ್ತದೆ ಎನ್ನುವುದು ನಮ್ಮ ದೇಶದಲ್ಲೇ ಒಮ್ಮೆ ಗೊತ್ತಾಗಿದೆ. 1952ರಲ್ಲಿ ಕೇಂದ್ರ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಯನ್ನು ಕಡಿಮೆ ಮಾಡಿಸಿದರು. ಜನ ಜಗಳಕ್ಕೆ ಬರಲಿಲ್ಲ. ಸುಮ್ನೆ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕಿಕೊಂಡರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ಚಿತ್ರಗೀತೆ ಹಾಕುವ ವಿವಿಧ ಭಾರತಿ ಶುರು ಮಾಡಬೇಕಾಯಿತು. ನ್ಯೂಯಾರ್ಕ್‌ನ ಡಬ್ಲ್ಯೂಸಿಬಿಎಸ್ ಎಫ್‌ಎಂ 2005ರ ಜೂನ್‌ನಲ್ಲಿ ಹಳೆಯ ಹಾಡುಗಳನ್ನು ಇದ್ದಕ್ಕಿದ್ದಂತೆ ಕಿತ್ತುಹಾಕಿತು. ಕೇಳುಗರು ಬಿಡಲಿಲ್ಲ. 2007ರ ಜುಲೈನಲ್ಲಿ ಹಳೆಯ ಹಾಡುಗಳು ವಾಪಸ್ ಬಂದವು. ಅದಕ್ಕೇ ಹಳೆಯದನ್ನು ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. 1970ರ ಹಾಡಿಗೆ ಕಾದು ಕೂರುವ ಹಿರಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಪಾಲು ಅವರಿಗೆ ಇರಲೇಬೇಕು.

ನಿಮಗೆ ಸುದ್ದಿ ಮಾಡುವ ಅವಕಾಶವನ್ನು ಸರ್ಕಾರ ಕೊಟ್ಟಿಲ್ಲ. ಆಕಾಶವಾಣಿಯ ಸುದ್ದಿಯನ್ನು ಹಾಗೇ ಪ್ರಸಾರ ಮಾಡಬಹುದು, ಅಷ್ಟೇ. ಅಂದಮೇಲೆ ಯಾವ ಹಾಡು ಹಾಕುತ್ತೀರಿ ಅನ್ನುವುದೇ ನಿಮ್ಮ ಕೇಂದ್ರದ ಗುರುತು. ಅದನ್ನು ಬೇರೆ ಊರಿನವರ ಕೈಗೆ ಕೊಡಬೇಡಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರು ಇದು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿ ಅನ್ನುವ ಸಂಗೀತ ಸಂಸ್ಥೆಗೆ ಮೊದಲ ಅಧ್ಯಕ್ಷರಾಗಿದ್ದವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಹೊರಗಿನ ಸಂಗೀತವನ್ನು ತನ್ನ ಕಿವಿಯಿಂದಲೇ ಅಳೆದು ನೋಡುವ ಅಭ್ಯಾಸ ಮೈಸೂರಿಗೆ ಹೊಸದಲ್ಲ.

ಇನ್ನು ನನ್ನ ಕೋರಿಕೆಗಳು.

ಆ ಗಂಟೆಯಲ್ಲಿ ಅರ್ಧ ಭಾಗ ಈಗಿನ ಹಾಗೇ ಇರಲಿ. ಉಳಿದ ಅರ್ಧವನ್ನು 1990ರ ನಂತರದ ಹಾಡುಗಳಿಗೆ ಕೊಡಿ. ಅದರಲ್ಲಿ ಪ್ರತಿ ವಾರ ಒಂದಾದರೂ ಕನ್ನಡದ್ದೋ, ನಮ್ಮ ದೇಶದ ಬೇರೆ ಬ್ಯಾಂಡಿನದ್ದೋ ಇರಲಿ. ಪಟ್ಟಿಯನ್ನು ಮೈಸೂರಿನಲ್ಲೇ ಮಾಡಿ. ಅದಕ್ಕೆ ದೊಡ್ಡ ಹಾಲ್ ಬೇಡ, ನೂರು ಜನರೂ ಬೇಡ. ಮಾನಸಗಂಗೋತ್ರಿಯಲ್ಲಿ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಇಲ್ಲಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ಪ್ರಶ್ನೆ ಕೇಳಿದರೆ ಸಾಕು: ನೀವು ಕಾಲೇಜಿನಲ್ಲಿದ್ದಾಗ ಯಾವ ಬ್ಯಾಂಡ್ ಕೇಳುತ್ತಿದ್ದಿರಿ? ತುಣುಕು ಕೇಳಿಸಬೇಡಿ, ಅವರೇ ನೆನಪು ಮಾಡಿಕೊಂಡು ಬರೆಯಲಿ.

ಹಾಡನ್ನು ದಯವಿಟ್ಟು ಪೂರ್ತಿ ಹಾಕಿ. ಹೋದ ಭಾನುವಾರ ಒಂದು ಹಾಡಿನ ಸೋಲೋ ಮೇಲೇರಿ, ತಂತಿಯನ್ನು ಎಳೆದು ಹಿಡಿದ ಜಾಗದಲ್ಲೇ ಕತ್ತರಿ ಬಿತ್ತು. ಮರುಕ್ಷಣ ರಿಂಗ್ ರೋಡ್ ಪಕ್ಕದ ಸೈಟಿನ ಜಾಹೀರಾತು. ಜಾಹೀರಾತು ಬೇಡ ಎನ್ನುವುದಿಲ್ಲ. ಹಾಡು ಮುಗಿದಮೇಲೆ ಬರಲಿ. ಹಾಗೇ ಹಾಡು ಮುಗಿದಾಗ ಬ್ಯಾಂಡಿನ ಹೆಸರು, ಇಸವಿ, ಊರು ಮೂರನ್ನೂ ನಿಮ್ಮ ಆರ್‌ಜೆ ಹೇಳಲಿ. ಹತ್ತು ಸೆಕೆಂಡಿನ ಕೆಲಸ. ಕೇಳಿದ ಹುಡುಗ ಆಮೇಲೆ ಹುಡುಕಿಕೊಳ್ಳಲು ಅಷ್ಟು ಸಾಕು.

ತಿಂಗಳಿಗೊಮ್ಮೆ ಕೇಳುಗರಲ್ಲಿ ಒಬ್ಬರನ್ನು ಸ್ಟುಡಿಯೋಗೆ ಕರೆದು, ಅವರು ಆರಿಸಿದ ಹಾಡುಗಳನ್ನು ಹಾಕಿ. ಒಂದು ತಿಂಗಳು ಅರವತ್ತು ದಾಟಿದವರು ಬರಲಿ, ಮುಂದಿನ ತಿಂಗಳು ಪಿಯುಸಿ ಓದುವವರು.

ಈ ಕೆಲಸಕ್ಕೆ ಬೇಕಾದರೆ ನನ್ನ ಹತ್ತಿರ ಇರುವ ಸಿಡಿಗಳನ್ನೂ, ಇಸವಿವಾರು ಬರೆದಿಟ್ಟ ನನ್ನ ಪಟ್ಟಿಯನ್ನೂ ತಂದುಕೊಡುತ್ತೇನೆ. ಸಂಜೆ ಪಾಠ ಮುಗಿದಮೇಲೆ ಬಂದು ಕೂರುತ್ತೇನೆ. ಇದಕ್ಕೆ ಹಣ ಬೇಡ, ಹೆಸರೂ ಬೇಡ. ಮೂರು ತಿಂಗಳು ಹೀಗೆ ನಡೆಸಿ ನೋಡಿ. ಕೇಳುಗರ ಫೋನು, ಮೆಸೇಜು ಜಾಸ್ತಿ ಆಗದಿದ್ದರೆ ಹಳೆಯ ಪಟ್ಟಿಗೇ ವಾಪಸ್ ಹೋಗಿ. ನಾನು ಮತ್ತೆ ತಕರಾರು ಮಾಡುವುದಿಲ್ಲ.

ನಿಮ್ಮ ಉತ್ತರ ಏನೇ ಇರಲಿ, ಆಗುತ್ತದೆ ಅಥವಾ ಆಗುವುದಿಲ್ಲ, ಅದನ್ನು ಒಂದು ಭಾನುವಾರ ಆ ಕಾರ್ಯಕ್ರಮದಲ್ಲೇ ಕಾರಣದ ಸಮೇತ ಹೇಳಬೇಕೆಂದು ವಿನಂತಿ.

ಇಂತಿ ವಿಶ್ವಾಸಿ,
ಸರಸ್ವತಿಪುರಂನ ಒಬ್ಬ ಗಿಟಾರ್ ಮೇಷ್ಟ್ರು
ಮೈಸೂರು